ನಾಲ್ಕು ಜನ, ಇಲ್ಲವೇ ಒಬ್ಬ

ಕಳೆದ ಬೇಸಿಗೆಗೆ ಮುಂಚೆ ನಮ್ಮ ದಾಯಾದಿಯೊಬ್ಬರ ಮನೆಯಲ್ಲಿ ಹುಡುಗನ ಮುಂಜಿಯ ಮಾತು ನಡೆದಿತ್ತು. ಎಂಟನೆಯ ವರ್ಷವನ್ನು ಗರ್ಭದಿಂದ ಎಣಿಸುವುದೋ, ಹುಟ್ಟಿದ ದಿನದಿಂದ ಎಣಿಸುವುದೋ ಎಂಬ ಪ್ರಶ್ನೆ ಬಂತು. ಪುರೋಹಿತರು ಎಲೆಗೆ ಸುಣ್ಣ ಹಚ್ಚುತ್ತಾ, "ಎರಡಕ್ಕೂ ಶಾಸ್ತ್ರ ಇದೆ. ನಿಮ್ಮ ಮನಸ್ಸಿಗೆ ಯಾವುದು ಹಿತವೋ ಹಾಗೆ ಮಾಡಿ" ಅಂದರು. ಮನಸ್ಸಿನ ಪಾತ್ರ ಅಲ್ಲಿಗೆ ಮುಗಿಯಿತು. ಮುಂದಿನದನ್ನೆಲ್ಲ ತೀರ್ಮಾನಿಸಿದ್ದು ಶಾಲೆಯ ರಜೆ, ಛತ್ರ ಖಾಲಿ ಇದ್ದ ದಿನ ಮತ್ತು ಅಮೆರಿಕದಿಂದ ಬರಬೇಕಿದ್ದ ಸೋದರಮಾವನ ವಿಮಾನದ ಟಿಕೆಟ್ಟು.

ಪುರೋಹಿತರು ಆ ಮಾತನ್ನು ಉಪಚಾರಕ್ಕೆ ಆಡಿದ್ದಲ್ಲ. ಅದರ ಹಿಂದೆ ಒಂಬೈನೂರು ವರ್ಷ ಹಳೆಯದೊಂದು ತೀರ್ಪು ಇದೆ. ಧರ್ಮಕ್ಕೆ ಆಧಾರ ಯಾವುದು ಎಂದು ಹೇಳುವಾಗ ಯಾಜ್ಞವಲ್ಕ್ಯ ಸ್ಮೃತಿ ವೇದ, ಸ್ಮೃತಿ, ಸಜ್ಜನರ ನಡತೆ ಎಂದು ಸಾಲಾಗಿ ಎಣಿಸಿ, ಬೆನ್ನಿಗೇ ಅಚ್ಚರಿಯ ಒಂದು ಬಾಬತ್ತು ಸೇರಿಸುತ್ತದೆ: ತನ್ನ ಆತ್ಮಕ್ಕೆ ಪ್ರಿಯವಾದದ್ದು. (ಐದನೆಯದಾಗಿ ಒಳ್ಳೆಯ ಸಂಕಲ್ಪದಿಂದ ಹುಟ್ಟಿದ ಬಯಕೆಯೂ ಇದೆ, ಅದನ್ನು ಸದ್ಯ ಬದಿಗಿಡೋಣ.) ಮನುಸ್ಮೃತಿಯ ಪಟ್ಟಿಯೂ ಹೆಚ್ಚುಕಡಿಮೆ ಇದೇ. ಗ್ರಂಥ ಹೇಳಿದ್ದು, ಹಿರಿಯರು ನಡೆದದ್ದು, ಇವುಗಳ ಪಂಕ್ತಿಯಲ್ಲೇ ಮನುಷ್ಯನ ಒಳಗಿನ ಒಪ್ಪಿಗೆಗೂ ಒಂದು ಮಣೆ ಹಾಕಿಟ್ಟಿದ್ದಾರೆ ಎಂದಾಯಿತು.

ಆ ಮಣೆಯನ್ನು ಚಿಕ್ಕದು ಮಾಡಿದವನು ವಿಜ್ಞಾನೇಶ್ವರ. ಕಲ್ಯಾಣದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ, ಅಂದರೆ 1076ರಿಂದ 1126ರ ನಡುವೆ, ಅವನು ಯಾಜ್ಞವಲ್ಕ್ಯ ಸ್ಮೃತಿಗೆ 'ಮಿತಾಕ್ಷರಾ' ಎಂಬ ವ್ಯಾಖ್ಯಾನ ಬರೆದ. ಕಲಬುರಗಿ ಸೀಮೆಯ ಮರತೂರು ಅವನ ಊರು ಎಂದು ಆ ಕಡೆಯವರು ಅಭಿಮಾನದಿಂದ ಹೇಳಿಕೊಳ್ಳುತ್ತಾರೆ. ಆತ್ಮಕ್ಕೆ ಪ್ರಿಯವಾದದ್ದು ಎಂಬ ಮಾತು ಬಂದಾಗ ವಿಜ್ಞಾನೇಶ್ವರ ಹೇಳುವುದು ಇಷ್ಟೇ: ಶಾಸ್ತ್ರವೇ ಎರಡು ದಾರಿ ತೋರಿಸಿ ಯಾವುದಾದರೂ ಸರಿ ಎಂದಾಗ ಮಾತ್ರ ನಿನ್ನ ಇಷ್ಟ ನಡೆಯುತ್ತದೆ. ಅದಕ್ಕೆ ಅವನು ಕೊಡುವ ಉದಾಹರಣೆ ಯಾವುದು ಗೊತ್ತೇ? ಮುಂಜಿಯ ವರ್ಷ. ಗರ್ಭದಿಂದ ಎಂಟೋ, ಹುಟ್ಟಿನಿಂದ ಎಂಟೋ. ನಮ್ಮ ಪುರೋಹಿತರು ಮಿತಾಕ್ಷರಾ ಓದಿದ್ದಾರೋ ಇಲ್ಲವೋ, ಅದರ ಉದಾಹರಣೆಯನ್ನಂತೂ ಅಕ್ಷರ ಬಿಡದೆ ಒಪ್ಪಿಸಿದರು.

ವಿಜ್ಞಾನೇಶ್ವರನ ಅಂಜಿಕೆ ಅರ್ಥವಾಗುವಂಥದ್ದೇ. ಮನಸ್ಸಿಗೆ ಪ್ರಿಯವಾದದ್ದೇ ಧರ್ಮ ಎಂದುಬಿಟ್ಟರೆ ಕಳ್ಳನಿಗೂ ಒಂದು ಮನಸ್ಸಿದೆ. ಅವನಿಗಿಂತ ಸುಮಾರು ನಾಲ್ಕು ಶತಮಾನ ಮೊದಲು ಕುಮಾರಿಲಭಟ್ಟನೂ ಇದೇ ಗಂಟನ್ನು ಬಿಡಿಸಲು ಕೂತಿದ್ದ. ಅವನ ಉತ್ತರ ನನಗೆ ಹೆಚ್ಚು ರುಚಿಸುತ್ತದೆ, ಅದರಲ್ಲಿ ಉಪ್ಪಿದೆ. ರುಮಾ ಎಂಬ ಉಪ್ಪಿನ ಗಣಿಯಲ್ಲಿ ಏನು ಹುಟ್ಟಿದರೂ ಉಪ್ಪೇ ಆಗುವಂತೆ, ವೇದದಲ್ಲಿ ನೆನೆದು ಹೋದ ಮನಸ್ಸಿಗೆ ಏನು ಒಪ್ಪಿದರೂ ಅದು ವೇದವೇ ಎಂಬುದು 'ತಂತ್ರವಾರ್ತಿಕ'ದಲ್ಲಿ ಅವನ ವಾದ. ಒಳದನಿಗೆ ಬೆಲೆಯಿದೆ, ಆದರೆ ಆ ದನಿ ಯಾವ ನೀರಿನಲ್ಲಿ ನೆನೆದಿದೆ ಎಂದು ಮೊದಲು ನೋಡಬೇಕು. ಗಾಂಧೀಜಿ ಕೂಡ, ಶಿಸ್ತು ಸಂಯಮಗಳಿಂದ ತಯಾರಾಗದವರು ಒಳದನಿಯ ಹೆಸರು ಹೇಳಬಾರದು ಎಂದು ಮತ್ತೆ ಮತ್ತೆ ಎಚ್ಚರಿಸುತ್ತಿದ್ದರು. 1933ರ ಮೇ ತಿಂಗಳಲ್ಲಿ 21 ದಿನದ ಉಪವಾಸಕ್ಕೆ ಇಳಿದಾಗ ಒಳದನಿಯನ್ನೇ ಕಾರಣವಾಗಿ ಕೊಟ್ಟವರೂ ಅವರೇ.

ಕುಮಾರಿಲ ತನ್ನ ವಾದಕ್ಕೆ ಒಬ್ಬ ಸಾಕ್ಷಿಯನ್ನು ಕರೆಯುತ್ತಾನೆ. ಆ ಸಾಕ್ಷಿ ವೇದದಿಂದ ಬಂದವನಲ್ಲ, ನಾಟಕದಿಂದ ಬಂದವನು. ಕಾಳಿದಾಸನ 'ಶಾಕುಂತಲ'ದ ಮೊದಲ ಅಂಕದಲ್ಲಿ ದುಷ್ಯಂತ ಕಣ್ವರ ಆಶ್ರಮದ ತೋಟದಲ್ಲಿ ಮರೆಗೆ ನಿಂತು ಶಕುಂತಲೆಯನ್ನು ನೋಡುತ್ತಾನೆ. ಇವಳು ಋಷಿಯ ಮಗಳಾದರೆ ಕ್ಷತ್ರಿಯನಾದ ತಾನು ಮದುವೆಯಾಗುವಂತಿಲ್ಲ. ಆಗ ಅವನು ತನಗೆ ತಾನೇ ಸಮಾಧಾನ ಹೇಳಿಕೊಳ್ಳುತ್ತಾನೆ: ನನ್ನಂಥ ಸಜ್ಜನನ ಮನಸ್ಸು ಇವಳನ್ನು ಬಯಸಿದೆ ಎಂದ ಮೇಲೆ ಇವಳು ನನಗೆ ತಕ್ಕವಳೇ ಇರಬೇಕು, ಸಂದೇಹ ಬಂದ ಕಡೆ ಒಳ್ಳೆಯವರಿಗೆ ತಮ್ಮ ಅಂತಃಕರಣವೇ ಪ್ರಮಾಣ. ಈ ಮಾತನ್ನೇ ಕುಮಾರಿಲ ಎತ್ತಿಕೊಳ್ಳುವುದು.

ನನಗೆ ಇಲ್ಲಿ ತಕರಾರಿದೆ. ದುಷ್ಯಂತನ ಊಹೆ ನಿಜವಾಯಿತು, ಶಕುಂತಲೆ ವಿಶ್ವಾಮಿತ್ರ ಮೇನಕೆಯರ ಮಗಳು. ಆದರೆ ನಾಟಕ ಅಲ್ಲಿಗೆ ಮುಗಿಯುವುದಿಲ್ಲ. ಐದನೆಯ ಅಂಕದಲ್ಲಿ ಬಸುರಿ ಶಕುಂತಲೆ ದುಷ್ಯಂತನ ಮುಂದೆ ಬಂದು ನಿಲ್ಲುತ್ತಾಳೆ. ದುರ್ವಾಸರ ಶಾಪದಿಂದ ಮರೆವು ಕವಿದ ರಾಜ ಅವಳನ್ನು ಒಲ್ಲೆನೆನ್ನುತ್ತಾನೆ. ಅವಳು ಹೋದ ಮೇಲೆ ಕಾಳಿದಾಸ ಅವನ ಬಾಯಿಂದ ಇನ್ನೊಂದು ಮಾತು ಹೇಳಿಸುತ್ತಾನೆ: ಮದುವೆಯಾದದ್ದು ನೆನಪಿಲ್ಲ, ಆದರೂ ಎದೆ ಹೀಗೆ ನೋಯುವುದನ್ನು ನೋಡಿದರೆ ಅವಳು ಹೇಳಿದ್ದೇ ನಿಜವೇನೋ ಅನ್ನಿಸುತ್ತಿದೆ. ಅಂದರೆ ಅಂತಃಕರಣ ಎರಡು ಸಲವೂ ನುಡಿದಿದೆ. ಎರಡು ಸಲವೂ ಸರಿಯಾಗಿಯೇ ನುಡಿದಿದೆ. ಬಯಕೆಯ ಪರವಾಗಿ ನುಡಿದಾಗ ರಾಜನಿಗೆ ಅದು ಪ್ರಮಾಣವಾಯಿತು. ಹೊಣೆ ಹೊರು ಎಂದಾಗ ಬರೀ ಎದೆನೋವಾಯಿತು. ಎರಡೂ ಸಲ ದಂಡ ತೆತ್ತವಳು ಶಕುಂತಲೆ. ಮೊದಲ ಅಂಕದ ಸಾಕ್ಷಿಯನ್ನು ಕರೆದ ಕುಮಾರಿಲ ಐದನೆಯ ಅಂಕದಲ್ಲಿ ಪಾಟೀಸವಾಲು ಮಾಡಬೇಕಿತ್ತು.

ಇನ್ನು ಸಮಾಜದ ಕಡೆ ಬರೋಣ. 'ನಾಲ್ಕು ಜನ ಏನಂದಾರು' ಎಂಬುದು ಕನ್ನಡದ ಮನೆಗಳಲ್ಲಿ ಶ್ರುತಿಗೂ ಸ್ಮೃತಿಗೂ ಮೇಲಿನ ಪ್ರಮಾಣ. ಯಾರು ಈ ನಾಲ್ವರು, ಮೂರು ಅಥವಾ ಐದು ಯಾಕಲ್ಲ ಎಂದು ಚಿಕ್ಕಂದಿನಲ್ಲಿ ನನಗೆ ಕುತೂಹಲವಿತ್ತು. ಯಾಜ್ಞವಲ್ಕ್ಯನನ್ನು ಓದಿದಾಗ ಪುಳಕವಾಯಿತು. ಸಂದೇಹ ಬಂದಾಗ ಧರ್ಮ ಹೇಳಬೇಕಾದ ಪರಿಷತ್ತು ಎಷ್ಟು ಜನರದ್ದು? ಅವನ ಪ್ರಕಾರ ವೇದ ಮತ್ತು ಧರ್ಮ ಬಲ್ಲ ನಾಲ್ಕು ಜನರದ್ದು. ನಮ್ಮ ಅಜ್ಜಿಯಂದಿರ ನಾಲ್ವರು ನೇರ ಅಲ್ಲಿಂದಲೇ ಎದ್ದು ಬಂದರು ಎಂದು ನಾನು ಹೇಳುವುದಿಲ್ಲ, ಆದರೆ ಸಂಖ್ಯೆ ಕೂಡಿಬಂದದ್ದು ಖುಷಿ ಕೊಟ್ಟಿತು. ನಿಜವಾದ ಅಚ್ಚರಿ ಆ ಶ್ಲೋಕದ ಕೊನೆಯಲ್ಲಿದೆ. ನಾಲ್ಕು ಜನ ಸೇರಲಿ, ಇಲ್ಲವೇ ಅಧ್ಯಾತ್ಮವನ್ನು ಚೆನ್ನಾಗಿ ಬಲ್ಲ ಒಬ್ಬನೇ ಹೇಳಲಿ, ಅದು ಧರ್ಮವೇ ಎನ್ನುತ್ತಾನೆ ಯಾಜ್ಞವಲ್ಕ್ಯ. ಒಂದು ಕಡೆ ಸಭೆ, ಇನ್ನೊಂದು ಕಡೆ ಒಬ್ಬ ಮನುಷ್ಯ, ನಡುವೆ 'ಇಲ್ಲವೇ' ಎಂಬ ಚಿಕ್ಕ ಪದ.

ನಾಲ್ಕು ಜನ ಎಂದರೆ ಬೀದಿಯ ನಾಲ್ಕು ಬಾಯಿಗಳಲ್ಲ. ತೈತ್ತಿರೀಯ ಉಪನಿಷತ್ತಿನಲ್ಲಿ ವಿದ್ಯೆ ಮುಗಿಸಿ ಹೊರಡುವ ಶಿಷ್ಯನಿಗೆ ಗುರು ಹೇಳುವ ಬುದ್ಧಿಮಾತನ್ನು ನೋಡಿ. ನಡತೆಯ ವಿಷಯದಲ್ಲಿ ಸಂದೇಹ ಬಂದರೆ ಆ ಊರಿನ ಬಲ್ಲವರು ಹೇಗೆ ನಡೆಯುತ್ತಾರೋ ಹಾಗೆ ನಡೆ ಎನ್ನುತ್ತಾನೆ, ಆದರೆ ಆ ಬಲ್ಲವರು ಎಂಥವರಿರಬೇಕು ಎಂದೂ ಹೇಳುತ್ತಾನೆ. ವಿಚಾರ ಮಾಡುವವರಾಗಿರಬೇಕು, ಇನ್ನೊಬ್ಬರ ಹೇಳಿಕೆಗೆ ಕುಣಿಯುವವರಾಗಿರಬಾರದು, ಒರಟರಾಗಿರಬಾರದು. ಈ ಕೊನೆಯ ಗುಣಕ್ಕೆ ನಾನು ಎರಡು ಅಂಕ ಹೆಚ್ಚು ಕೊಡುತ್ತೇನೆ. ನಮ್ಮ ನಡತೆಯಲ್ಲೂ ಒಳ್ಳೆಯದನ್ನು ಮಾತ್ರ ತೆಗೆದುಕೋ, ಉಳಿದದ್ದನ್ನು ಬಿಡು ಎಂದು ಅದೇ ಗುರು ಹೇಳುತ್ತಾನೆ. ಯಾವುದು ಒಳ್ಳೆಯದು ಎಂದು ಆರಿಸುವವನು ಯಾರು? ಶಿಷ್ಯನೇ. ಗೀತೆಯಲ್ಲೂ ಹೀಗೆಯೇ. ಹದಿನಾರನೆಯ ಅಧ್ಯಾಯದ ಕೊನೆಯಲ್ಲಿ ಶಾಸ್ತ್ರವೇ ನಿನಗೆ ಪ್ರಮಾಣ ಎಂದ ಕೃಷ್ಣ ಹದಿನೆಂಟನೆಯ ಅಧ್ಯಾಯದಲ್ಲಿ, ಹೇಳಿದ್ದನ್ನೆಲ್ಲ ಪೂರ್ತಿ ಯೋಚಿಸಿ ನಿನಗೆ ತೋಚಿದ ಹಾಗೆ ಮಾಡು ಎನ್ನುತ್ತಾನೆ.

ಲೋಕದ ಮಾತು ಯಾವಾಗಲೂ ಹಿಂದಕ್ಕೇ ಎಳೆಯುತ್ತದೆ ಎಂದುಕೊಂಡರೆ ಅದೂ ತಪ್ಪು. ಧರ್ಮಕ್ಕೆ ಸಮ್ಮತವಾದರೂ ಜನ ಹೇಸುವಂಥದ್ದನ್ನು ಮಾಡಬಾರದು ಎಂದು ಯಾಜ್ಞವಲ್ಕ್ಯನ ಇನ್ನೊಂದು ಮಾತಿದೆ. ಆಸ್ತಿ ಪಾಲಿನ ಪ್ರಕರಣದಲ್ಲಿ ವಿಜ್ಞಾನೇಶ್ವರ ಇದನ್ನು ಬಳಸುವ ಜಾಣ್ಮೆ ನೋಡಬೇಕು. ಹಿರಿಯ ಮಗನಿಗೆ ಹೆಚ್ಚಿನ ಪಾಲು ಎಂದು ಹಳೆಯ ಶಾಸ್ತ್ರದಲ್ಲಿತ್ತು. ಶಾಸ್ತ್ರದಲ್ಲಿ ಇದ್ದರೂ ಜನ ಅದನ್ನು ಒಪ್ಪುವುದಿಲ್ಲ, ಆದ್ದರಿಂದ ಹಾಗೆ ಹಂಚಬಾರದು ಎಂದು ಅವನು ತೀರ್ಮಾನಿಸಿದ. ಒಬ್ಬನ ಆತ್ಮತುಷ್ಟಿಗೆ ಮುಂಜಿಯ ವರ್ಷದಷ್ಟೇ ಜಾಗ ಕೊಟ್ಟವನು ನಾಲ್ಕು ಜನರ ಅಸಮಾಧಾನಕ್ಕೆ ಮಾತ್ರ ಶಾಸ್ತ್ರವನ್ನೇ ಪಕ್ಕಕ್ಕಿಟ್ಟ! ಮಿತಾಕ್ಷರಾದ ದಾಯವಿಭಾಗವನ್ನು 1810ರಲ್ಲಿ ಕೋಲ್‌ಬ್ರೂಕ್ ಇಂಗ್ಲಿಷಿಗೆ ತಂದ ಮೇಲೆ ಬ್ರಿಟಿಷರ ಕೋರ್ಟುಗಳಲ್ಲಿ ಬಂಗಾಳದ ಕಡೆ ಬಿಟ್ಟು ಬಹುಪಾಲು ಭಾರತಕ್ಕೆ ಅದೇ ಕಾನೂನಾಯಿತು. 2005ರಲ್ಲಿ ಹೆಣ್ಣುಮಕ್ಕಳನ್ನೂ ಹುಟ್ಟಿನಿಂದಲೇ ಸಮಪಾಲುದಾರರನ್ನಾಗಿ ಮಾಡಿದ ತಿದ್ದುಪಡಿಯಲ್ಲೂ ಅವನ ಗ್ರಂಥದ ಹೆಸರು ಹಾಗೇ ಉಳಿದಿದೆ.

ಇಷ್ಟಾದರೂ ಒಬ್ಬನ ವಿವೇಕದ ಮಣೆ ಮೂಲೆಯಲ್ಲೇ ಉಳಿಯಿತು. 1936ರ 'ಜಾತಿ ವಿನಾಶ'ದಲ್ಲಿ ಅಂಬೇಡ್ಕರ್, ಹಿಂದೂ ಒಬ್ಬನಿಗೆ ತನ್ನ ವಿವೇಕದಂತೆ ನಡೆಯುವ ಸ್ವಾತಂತ್ರ್ಯವಿದೆಯೇ ಎಂದು ಕೇಳಿ, ಮನುವಿನ ಇದೇ ಶ್ಲೋಕವನ್ನು ಮುಂದಿಟ್ಟು ಉತ್ತರಿಸುತ್ತಾರೆ. ಶ್ಲೋಕದಲ್ಲಿ ನಾಲ್ಕು ಬಾಬತ್ತಿವೆ, ಅಂಬೇಡ್ಕರ್ ಲೆಕ್ಕಕ್ಕೆ ಹಿಡಿದದ್ದು ಮೂರನ್ನೇ: ವೇದ, ಸ್ಮೃತಿ, ಸದಾಚಾರ. ನಾಲ್ಕನೆಯದನ್ನು ಬಿಟ್ಟರಲ್ಲ ಎಂದು ಪಂಡಿತರು ಬೆರಳು ತೋರಿಸಬಹುದು. ನನಗೆ ಅವರ ಲೆಕ್ಕವೇ ಸರಿ ಕಾಣುತ್ತದೆ. ಪುಸ್ತಕದಲ್ಲಿ ನಾಲ್ಕಿದ್ದರೂ ಕೆರೆಯ ನೀರು ಮುಟ್ಟಗೊಡದ ಊರಿನಲ್ಲಿ ಇದ್ದದ್ದು ಮೂರೇ.

ವಿಜ್ಞಾನೇಶ್ವರ ತನ್ನ ಗ್ರಂಥದ ಕೊನೆಯಲ್ಲಿ ಕಲ್ಯಾಣವನ್ನು ಹೊಗಳುತ್ತಾನೆ. ಅಂಥ ಪಟ್ಟಣ ಹಿಂದೆ ಇರಲಿಲ್ಲ, ಈಗಿಲ್ಲ, ಮುಂದೆಯೂ ಇರದು ಎಂಬ ಅರ್ಥದ ಮಾತು. ಮುಂದಿನ ಕೆಲವು ದಶಕಗಳಲ್ಲಿ ಅದೇ ಪಟ್ಟಣದಲ್ಲಿ ಏನಾಗಲಿತ್ತು ಎಂದು ಅವನಿಗೆ ಗೊತ್ತಿದ್ದರೆ ಹೀಗೆ ಬರೆಯುತ್ತಿದ್ದನೋ ಇಲ್ಲವೋ. ಇಂದಿನ ಬೀದರ್ ಜಿಲ್ಲೆಯ ಬಸವಕಲ್ಯಾಣ ಅದು. ಬಿಜ್ಜಳನ ಆಳ್ವಿಕೆಯಲ್ಲಿ, ಅವನ ಭಂಡಾರದ ಲೆಕ್ಕ ನೋಡುತ್ತಿದ್ದ ಬಸವಣ್ಣನ ಸುತ್ತ ಸೇರಿದವರು ಯಾರು? ಅಂಬಿಗ, ಮಡಿವಾಳ, ಮಾದಾರ, ಹಗ್ಗ ಹೊಸೆಯುವವನು, ಬೀದಿಯಲ್ಲಿ ಬಿದ್ದ ಅಕ್ಕಿ ಆರಿಸುವವನು. ಯಾಜ್ಞವಲ್ಕ್ಯನ ಆ 'ಇಲ್ಲವೇ ಒಬ್ಬ' ಎಂಬ ಜಾಗದಲ್ಲಿ ಇವರು ಬಂದು ಕೂತರು. ಅರಿವು ಎಂಬ ಅಚ್ಚಗನ್ನಡ ಪದಕ್ಕೆ ಗುರುವಿನ ಪೀಠ ಕೊಟ್ಟರು. ಅರಿವನ್ನು ಪಡೆಯಲು ಉಪ್ಪಿನ ಗಣಿಗೆ ಬೀಳಬೇಕಿಲ್ಲ, ಕಾಯಕದ ಬೆವರೇ ಸಾಕಷ್ಟು ಉಪ್ಪು.

ಇಲ್ಲಿ ನಾವು ಒಂದು ಸಂಗತಿಯನ್ನು ಮರೆಯುತ್ತೇವೆ. ಶರಣರು ಒಂಟಿ ಮನಸ್ಸಿನ ಖುಷಿಯನ್ನು ಧರ್ಮ ಅನ್ನಲಿಲ್ಲ. ಅವರಿಗೂ ಪಂಚಾಚಾರಗಳಿದ್ದವು, ಅದರಲ್ಲಿ ಗಣಾಚಾರ ಎಂಬುದೇ ಒಂದು. ಕಂಡುಕೊಂಡದ್ದನ್ನು ಅನುಭಾವ ಗೋಷ್ಠಿಯಲ್ಲಿ ಇಟ್ಟು ಒರೆಗೆ ಹಚ್ಚಿಸಿಕೊಳ್ಳಬೇಕಿತ್ತು. ಅಕ್ಕಮಹಾದೇವಿಯ ಪ್ರಸಂಗವನ್ನು 'ಶೂನ್ಯಸಂಪಾದನೆ' ಕಟ್ಟಿಕೊಡುವ ರೀತಿ ನೆನೆಸಿಕೊಳ್ಳಿ. ಅರಮನೆ, ಗಂಡ, ಬಟ್ಟೆ ಎಲ್ಲವನ್ನೂ ಬಿಟ್ಟು, ಲೋಕದ ನಾಲ್ಕು ಜನರನ್ನು ಲೆಕ್ಕಿಸದೆ ಕಲ್ಯಾಣಕ್ಕೆ ನಡೆದುಬಂದ ಹೆಣ್ಣನ್ನು ಅಲ್ಲಮ ಬಾಗಿಲಲ್ಲೇ ತಡೆದು ಕೇಳುತ್ತಾನೆ: ನಿನ್ನ ಗಂಡ ಯಾರು, ಎಲ್ಲ ಬಿಟ್ಟವಳು ಕೂದಲಿನಿಂದ ಯಾಕೆ ಮೈ ಮುಚ್ಚಿಕೊಂಡೆ? ಕೇಳುವಾಗ ಅವನು ಕಟುವಾಗಿದ್ದಾನೆ, ಆದರೆ ಅವಳ ಉತ್ತರಕ್ಕೆ ಕಿವಿ ಮುಚ್ಚಿಕೊಂಡಿಲ್ಲ. ಅವಳು ಉತ್ತರಿಸುತ್ತಾ ಹೋದಂತೆ ಸಭೆ ಬಾಗುತ್ತದೆ. ಒಬ್ಬರ ವಿವೇಕ ಮತ್ತು ನಾಲ್ವರ ಪರೀಕ್ಷೆ ಇಷ್ಟು ಹದವಾಗಿ ಎದುರುಬದುರಾದ ಇನ್ನೊಂದು ಸಭೆ ನಮ್ಮ ಸಾಹಿತ್ಯದಲ್ಲಿ ನನಗೆ ಗೊತ್ತಿಲ್ಲ.

ಆಮೇಲೆ ಆ ಮದುವೆ. ಸಮಗಾರ ಹರಳಯ್ಯನ ಮಗನಿಗೆ ಬ್ರಾಹ್ಮಣ ಮೂಲದ ಮಧುವರಸನ ಮಗಳನ್ನು ಕೊಟ್ಟರು. ನಮಗೆ ಈ ಕಥೆ ಬಂದಿರುವುದು ನಂತರದ ಕಾವ್ಯ ಪುರಾಣಗಳಿಂದ, ವಿವರಗಳು ಒಂದೊಂದರಲ್ಲಿ ಒಂದೊಂದು ತರಹ. ಆದರೆ ಶಿಕ್ಷೆಯ ವಿಷಯದಲ್ಲಿ ಜನರ ನೆನಪು ಗಟ್ಟಿಯಾಗಿದೆ: ಎಳೆಹೂಟೆ. ಬೀಗರಿಬ್ಬರನ್ನೂ ಆನೆಯ ಕಾಲಿಗೆ ಕಟ್ಟಿ ಬೀದಿಯಲ್ಲಿ ಎಳೆಸಿದರು. ಬಿಜ್ಜಳನ ಕೊಲೆಯಾಯಿತು, ಶರಣರು ಚದುರಿದರು, ಬಸವಣ್ಣ ಕೂಡಲಸಂಗಮಕ್ಕೆ ಹೋದ. ಗಿರೀಶ ಕಾರ್ನಾಡರ 'ತಲೆದಂಡ'ದ (1990) ಬಸವಣ್ಣ ಮದುವೆಯ ಸುದ್ದಿ ಕೇಳಿ ಹಿಗ್ಗುವುದಿಲ್ಲ, ಗಾಬರಿಯಾಗುತ್ತಾನೆ. ಸರಿ ಎಂದು ಗೊತ್ತಿರುವುದು ಬೇರೆ, ಅದರ ಬೆಲೆಯನ್ನು ಎರಡು ಎಳೆಯ ಜೀವಗಳ ತಲೆಯ ಮೇಲೆ ಹೊರಿಸುವುದು ಬೇರೆ.

ವಿವೇಕಕ್ಕೆ ನಾನು ಹಿಡಿಯುವ ಒರೆಗಲ್ಲು ಇಲ್ಲಿಂದ ಬಂದದ್ದು. ಒಳದನಿ ದೇವರದ್ದೋ ಹಂಬಲದ್ದೋ ಎಂದು ಹೊರಗಿನವರಿಗೆ ಕಾಣುವುದಿಲ್ಲ. ಕಾಣುವುದು ಖರ್ಚಿನ ಬಿಲ್ಲು ಮಾತ್ರ, ಅದನ್ನು ಯಾರು ಕಟ್ಟಿದರು ಎಂಬುದು. ಮಹಾಭಾರತದ ಕರ್ಣಪರ್ವದಲ್ಲಿ ಕೃಷ್ಣ ಕೌಶಿಕನೆಂಬ ತಪಸ್ವಿಯ ಕಥೆ ಹೇಳುತ್ತಾನೆ. ಸತ್ಯವನ್ನೇ ನುಡಿಯುವ ವ್ರತ ಅವನದು. ದರೋಡೆಕೋರರಿಗೆ ಹೆದರಿ ಓಡಿಬಂದವರು ಕಾಡಿನಲ್ಲಿ ಅಡಗಿದರು. ಬೆನ್ನಟ್ಟಿ ಬಂದವರು ಕೇಳಿದಾಗ ಕೌಶಿಕ ಸತ್ಯ ಹೇಳಿದ, ಅಡಗಿದವರು ಸತ್ತರು, ಅವನು ನರಕಕ್ಕೆ ಹೋದ. ವ್ರತ ಅವನದು, ಪ್ರಾಣ ಇನ್ನೊಬ್ಬರದು. ಕೃಷ್ಣ ಈ ಕಥೆ ಹೇಳಿದ್ದು ಎಂಥ ಹೊತ್ತಿನಲ್ಲಿ ಎಂಬುದೂ ಮುಖ್ಯ: ಗಾಂಡೀವವನ್ನು ಬೇರೆಯವರಿಗೆ ಕೊಡು ಎಂದವರನ್ನು ಕೊಲ್ಲುವ ಪ್ರತಿಜ್ಞೆ ಮಾಡಿದ್ದ ಅರ್ಜುನ ಅಣ್ಣನ ಮೇಲೇ ಕತ್ತಿ ಹಿರಿದಿದ್ದ. ಹಿರಿಯರನ್ನು ಏಕವಚನದಲ್ಲಿ ಬೈದರೆ ಕೊಂದ ಹಾಗೆಯೇ ಎಂದು ಕೃಷ್ಣ ಉಪಾಯ ಹೇಳಿಕೊಟ್ಟ. ಧರ್ಮರಾಯ ಬೈಗುಳ ತಿಂದು ಬದುಕಿದ.

ನಾಲ್ಕು ಜನರಿಗೂ ಇದೇ ಒರೆಗಲ್ಲು. ಅನಂತಮೂರ್ತಿಯವರ 'ಸಂಸ್ಕಾರ'ದ (1965) ಅಗ್ರಹಾರದಲ್ಲಿ ನಾರಣಪ್ಪನ ಹೆಣ ಕೊಳೆಯುತ್ತಿರುವಾಗ ಶವಸಂಸ್ಕಾರ ಯಾರು ಮಾಡಬೇಕು ಎಂಬ ಪ್ರಶ್ನೆಗೆ ಗ್ರಂಥಗಳಲ್ಲಿ ಉತ್ತರವಿಲ್ಲ. ಚಂದ್ರಿ ತನ್ನ ಚಿನ್ನ ಬಿಚ್ಚಿಟ್ಟ ಕೂಡಲೇ ಅಗ್ರಹಾರದವರ ಧರ್ಮಸೂಕ್ಷ್ಮದ ದನಿ ಬದಲಾಗುತ್ತದೆ. ನಮ್ಮ ಕಾಲದಲ್ಲಿ ಮರ್ಯಾದೆಯ ಹೆಸರಲ್ಲಿ ಮಗಳನ್ನೋ ಅಳಿಯನನ್ನೋ ಕೊಂದ ಸುದ್ದಿ ಕರ್ನಾಟಕದ ಪತ್ರಿಕೆಗಳಿಗೂ ಹೊಸತಲ್ಲ. ವಯಸ್ಸಿಗೆ ಬಂದ ಇಬ್ಬರು ಒಪ್ಪಿ ಮದುವೆಯಾಗಲು ಮನೆಯವರ, ಕುಲದವರ, ಪಂಚಾಯ್ತಿಯವರ ಒಪ್ಪಿಗೆ ಬೇಕಿಲ್ಲ ಎಂದು 2018ರಲ್ಲಿ ಸುಪ್ರೀಂ ಕೋರ್ಟ್ ಬಿಡಿಸಿ ಹೇಳಬೇಕಾಯಿತು. ಹರಳಯ್ಯನ ಕಾಲದಿಂದ ಎಂಟೂವರೆ ಶತಮಾನ.

ಹಾಗೆಂದು ಇವತ್ತು ಎಲ್ಲೆಲ್ಲೂ ಕೇಳುವ 'ನನ್ನ ಮನಸ್ಸಿಗೆ ಸರಿ ಅನ್ನಿಸಿದ್ದು ನಾನು ಮಾಡುತ್ತೇನೆ' ಎಂಬ ಮಾತಿಗೂ ನಾನು ಕಣ್ಣು ಮುಚ್ಚಿ ಜೈ ಅನ್ನಲಾರೆ. ಮೂರು ದಿನದ ಧ್ಯಾನ ಶಿಬಿರದಿಂದ ಬಂದು, ಎಲ್ಲ ಬಂಧನ ಮೀರಿದ್ದೇನೆ ಎಂದು ಘೋಷಿಸಿದ ಪರಿಚಿತರೊಬ್ಬರು ಮೊದಲು ಮೀರಿದ್ದು ತಾಯಿಯ ಔಷಧಿಯ ಖರ್ಚಿನಲ್ಲಿ ತಮ್ಮ ಪಾಲನ್ನು. ಅವರ ತಂಗಿ ಈಗ ಆ ಪಾಲನ್ನೂ ಸೇರಿಸಿ ಕೊಡುತ್ತಾಳೆ. ಆಕೆ ಯಾವ ಶಿಬಿರಕ್ಕೂ ಹೋದವಳಲ್ಲ.

ಮುಂಜಿ ಮೇ ತಿಂಗಳಲ್ಲಿ ಚೆನ್ನಾಗಿ ನಡೆಯಿತು. ಮಾತೃಭೋಜನ ಮುಗಿದು ವಟುವಿನ ಸುತ್ತ ಫೋಟೊ ತೆಗೆಯುತ್ತಿದ್ದಾಗ ಅವನ ಅಕ್ಕ, ಹನ್ನೊಂದು ವರ್ಷದವಳು, ಪುರೋಹಿತರ ಹತ್ತಿರ ಹೋಗಿ, "ನನಗೆ ಯಾಕೆ ಮಾಡಲಿಲ್ಲ?" ಅಂದಳು. ಅವರು ಒಳ್ಳೆಯವರು, ಗದರಲಿಲ್ಲ. "ಹಿಂದಿನ ಕಾಲದಲ್ಲಿ ಹೆಣ್ಣುಮಕ್ಕಳಿಗೂ ಇತ್ತು ಅಂತ ಸ್ಮೃತಿಯ ಒಂದು ಮಾತಿದೆ ಮಗು" ಅಂದರು.

"ಹಾಗಾದರೆ ಈಗ?"

"ಈಗ ನಾಲ್ಕು ಜನ ಒಪ್ಪಬೇಕಲ್ಲಮ್ಮ."

"ಯಾವ ನಾಲ್ಕು ಜನ?"

ಅಷ್ಟರಲ್ಲಿ ಒಳಗೆ ಎಲೆ ಹಾಕಿದ್ದಾರೆ ಎಂದು ಯಾರೋ ಕೂಗಿದರು. ಪುರೋಹಿತರು ಶಾಲು ಸರಿಪಡಿಸಿಕೊಂಡು ಎದ್ದರು. ಹುಡುಗಿ ಅಲ್ಲೇ ನಿಂತಿದ್ದಳು.